10ಕೆ ಓಟಕ್ಕೆ ಮುಂಚೆ ಎಷ್ಟು ಕಾಫಿ? ಕೆಫೀನ್ ಮಾತ್ರೆ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ವಯಸ್ಸು 36, ತೂಕ 64 ಕೆಜಿ, ಊರು ಹಾಸನದ ಹತ್ರ, ಕೆಲಸ ಬೆಂಗಳೂರಲ್ಲಿ. 10ಕೆ ಓಟದಲ್ಲಿ ನನ್ನ ಟೈಮ್ 58 ನಿಮಿಷ, ಈ ಸಲ 55ರ ಒಳಗೆ ಬರಬೇಕು ಅಂತ ಆಸೆ. ದಿನಕ್ಕೆ ಮೂರು ಫಿಲ್ಟರ್ ಕಾಫಿ ಕುಡೀತೀನಿ. ನಮ್ಮ ರನ್ನಿಂಗ್ ಗ್ರೂಪಲ್ಲಿ ಒಬ್ರು ರೇಸ್‌ಗೆ ಮುಂಚೆ 200 ಮಿ.ಗ್ರಾಂ ಕೆಫೀನ್ ಮಾತ್ರೆ ತಗೋ ಅಂತಾರೆ, ಇನ್ನೊಬ್ರು ಒಂದು ವಾರ ಕಾಫಿ ಪೂರ್ತಿ ಬಿಟ್ರೆ ಮಾತ್ರ ಅದು ಕೆಲಸ ಮಾಡೋದು ಅಂತಾರೆ, ಮನೇಲಿ ಅತ್ತೆ ಕಾಫಿ ಕುಡಿದು ಓಡಿದ್ರೆ ಮೈಯಲ್ಲಿರೋ ನೀರೆಲ್ಲ ಹೋಗುತ್ತೆ ಅಂತಾರೆ. ಯಾರ ಮಾತು ಕೇಳ್ಲಿ? ಇನ್ನೊಂದು, ನನ್ನ ಚಿಕ್ಕಪ್ಪನ ಮಗ ಪಿಯುಸಿ ಓದ್ತಿದಾನೆ, ಜಿಲ್ಲಾ ಮಟ್ಟದಲ್ಲಿ 400 ಮೀಟರ್ ಓಡ್ತಾನೆ, ಜಿಮ್‌ನಲ್ಲಿ ಯಾರೋ ಪ್ರೀ-ವರ್ಕೌಟ್ ಪೌಡರ್ ಕೊಟ್ಟಿದಾರಂತೆ. ಕೆಫೀನ್ ಇದ್ರೆ ಡೋಪಿಂಗ್ ಆಗುತ್ತಾ?

ಉತ್ತರ: ಮೊದ್ಲು ಆ 55 ನಿಮಿಷದ ಲೆಕ್ಕ ಮುಗಿಸಿಬಿಡೋಣ. 58ರಿಂದ 55ಕ್ಕೆ ಇಳಿಯೋಕೆ 3 ನಿಮಿಷ ಕಮ್ಮಿ ಆಗ್ಬೇಕು, ಅಂದ್ರೆ ಹತ್ರ ಹತ್ರ 5 ಪರ್ಸೆಂಟ್. ಕೆಫೀನ್ ಅಷ್ಟು ಕೊಡಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಓಟಗಾರರಿಗೆ ತೂಕದ ಪ್ರತಿ ಕೆಜಿಗೆ 3 ಮಿ.ಗ್ರಾಂ ಕೆಫೀನ್ ಕೊಟ್ಟು ಒಂದು ಗಂಟೆ ಬಿಟ್ಟು 8 ಕಿಲೋಮೀಟರ್ ಓಡಿಸಿದ್ರು, ಟೈಮ್ ಸರಾಸರಿ 24 ಸೆಕೆಂಡ್ ಹತ್ರ ಇಳೀತು, ಅಂದ್ರೆ 1.2 ಪರ್ಸೆಂಟ್. ಅದೇ ಲೆಕ್ಕ ನಿಮ್ಮ 58 ನಿಮಿಷಕ್ಕೆ ಹಾಕಿದ್ರೆ ಸುಮಾರು 40 ಸೆಕೆಂಡ್. ಸೈಕ್ಲಿಂಗ್ ಪ್ರಯೋಗಗಳಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ, 2ರಿಂದ 4 ಪರ್ಸೆಂಟ್ ಅಂತ ಸಾಮಾನ್ಯವಾಗಿ ಹೇಳ್ತಾರೆ. ಒಲಿಂಪಿಕ್ಸ್ ಫೈನಲ್‌ನಲ್ಲಿ ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ಇರೋ ವ್ಯತ್ಯಾಸ ಅದಕ್ಕಿಂತ ಕಮ್ಮಿ, ಹಾಗಾಗಿ ಅವರು ಅದರ ಹಿಂದೆ ಬೀಳೋದ್ರಲ್ಲಿ ಅರ್ಥ ಇದೆ. ನಿಮ್ಮ ಉಳಿದ 2 ನಿಮಿಷ 20 ಸೆಕೆಂಡ್ ಯಾವ ಡಬ್ಬಿಯಲ್ಲೂ ಸಿಗಲ್ಲ, ವಾರಕ್ಕೊಂದು ಟೆಂಪೋ ರನ್ (ಸ್ವಲ್ಪ ಕಷ್ಟ ಅನ್ಸೋ ಒಂದೇ ವೇಗದಲ್ಲಿ ಓಡೋದು), ಒಂದು ಲಾಂಗ್ ರನ್, ಸರಿಯಾದ ನಿದ್ದೆ, ಅಷ್ಟೇ.

ಹಾಗಂತ ಕೆಫೀನ್ ಬರೀ ನಂಬಿಕೆ ವಿಚಾರ ಅಂತ ತಳ್ಳಿಹಾಕೋ ಹಾಗೂ ಇಲ್ಲ, ಕ್ರೀಡಾಪಟುಗಳಿಗೆ ಅಂತ ಮಾರೋ ನೂರಾರು ಸಪ್ಲಿಮೆಂಟ್‌ಗಳಲ್ಲಿ ನಿಜವಾಗ್ಲೂ ಕೆಲಸ ಮಾಡೋ ನಾಲ್ಕೈದರಲ್ಲಿ ಇದೂ ಒಂದು. ಆದ್ರೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿದ್ರೆ ಎಷ್ಟು ಬೇಕು ಯಾವಾಗ ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ನಾವು ಎಚ್ಚರ ಇದ್ದಷ್ಟು ಹೊತ್ತೂ, ಮೈ ದಣಿದಷ್ಟೂ, ಅಡೆನೊಸಿನ್ ಅನ್ನೋ ಒಂದು ವಸ್ತು ಮೆದುಳಲ್ಲಿ ಸೇರ್ತಾ ಹೋಗುತ್ತೆ. ಅದಕ್ಕೆ ಅಂತಲೇ ನರಕೋಶಗಳ ಮೇಲೆ ರಿಸೆಪ್ಟರ್‌ಗಳಿವೆ, ಅಲ್ಲಿ ಹೋಗಿ ಕೂತಾಗ ಸುಸ್ತು, ಜೋಂಪು, ಸಾಕಪ್ಪಾ ಅನ್ನೋ ಭಾವನೆ. ಕೆಫೀನ್ ನೋಡೋಕೆ ಹೆಚ್ಚುಕಮ್ಮಿ ಅಡೆನೊಸಿನ್ ಥರಾನೇ ಇರೋದ್ರಿಂದ, ನಮ್ಮ ಕೆಂಪು ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋ ಹಾಗೆ ಮೊದ್ಲೇ ಹೋಗಿ ಆ ಜಾಗ ಹಿಡಿದುಬಿಡುತ್ತೆ, ಅಡೆನೊಸಿನ್ ನಿಂತ್ಕೊಂಡೇ ಇರ್ಬೇಕು. ಅಂದ್ರೆ ಕೆಫೀನ್ ನಿಮಗೆ ಶಕ್ತಿ ಕೊಡಲ್ಲ, ಅದರಲ್ಲಿ ಒಂದು ಕ್ಯಾಲರಿಯೂ ಇಲ್ಲ, ದಣಿವು ಆಗೋದನ್ನೂ ತಡೆಯಲ್ಲ. ದಣಿವಿನ ಸುದ್ದಿ ಮೆದುಳಿಗೆ ತಲುಪೋದನ್ನ ಕಮ್ಮಿ ಮಾಡುತ್ತೆ. ಅದೇ ಸ್ಪೀಡಲ್ಲಿ ಓಡ್ತಿದ್ರೂ ಕಷ್ಟ ಕಮ್ಮಿ ಅನ್ಸುತ್ತೆ, ನೋವು ಕೂಡ ಸ್ವಲ್ಪ ಕಮ್ಮಿ ಅನ್ಸುತ್ತೆ, ಹಾಗಾಗಿ ನೀವು ಗೊತ್ತಿಲ್ದೇನೇ ಸ್ವಲ್ಪ ಜೋರಾಗಿ ಓಡ್ತೀರ.

ಇದು ಗೊತ್ತಾಗಿದ್ದು ನಿಧಾನಕ್ಕೆ. 1978ರಲ್ಲಿ ಅಮೆರಿಕದ ಬಾಲ್ ಸ್ಟೇಟ್ ಯೂನಿವರ್ಸಿಟಿಯ ಡೇವಿಡ್ ಕಾಸ್ಟಿಲ್ ಅವರ ತಂಡ ಒಂಬತ್ತು ಸೈಕ್ಲಿಸ್ಟ್‌ಗಳಿಗೆ 330 ಮಿ.ಗ್ರಾಂ ಕೆಫೀನ್ ಇರೋ ಕಾಫಿ ಕುಡಿಸಿ ಸುಸ್ತಾಗಿ ನಿಲ್ಲೋವರೆಗೂ ತುಳಿಸಿದ್ರು. ಡಿಕ್ಯಾಫ್, ಅಂದ್ರೆ ಕೆಫೀನ್ ತೆಗೆದ ಕಾಫಿ ಕುಡಿದಾಗ 75 ನಿಮಿಷ, ಕೆಫೀನ್ ಇದ್ದಾಗ 90 ನಿಮಿಷ. ಆಗ ಅವರು ಕೊಟ್ಟ ಕಾರಣ, ಕೆಫೀನ್ ಕೊಬ್ಬು ಕರಗಿಸುತ್ತೆ, ಅದರಿಂದ ಸ್ನಾಯುವಿನ ಗ್ಲೈಕೋಜೆನ್ (ಅಲ್ಲಿ ಕೂಡಿಟ್ಟಿರೋ ಸಕ್ಕರೆ) ಉಳಿಯುತ್ತೆ ಅಂತ. ಆಮೇಲಿನ ಪ್ರಯೋಗಗಳಲ್ಲಿ ಗ್ಲೈಕೋಜೆನ್ ಉಳಿಯೋದು ಅಷ್ಟೇನೂ ಕಾಣಲಿಲ್ಲ, ಅದೂ ಅಲ್ದೆ ಕೊಬ್ಬು ಸುಡೋ ಮಾತೇ ಬರದಂಥ ಕೆಲವೇ ನಿಮಿಷದ ಜೋರು ಓಟದಲ್ಲೂ ಪರಿಣಾಮ ಸಿಕ್ತು, ಹಾಗಾಗಿ ವಿವರಣೆ ಸ್ನಾಯು ಬಿಟ್ಟು ಮೆದುಳಿನ ಕಡೆ ಹೋಯ್ತು. ಆದ್ರೆ ಫ್ಯಾಟ್ ಬರ್ನರ್ ಅಂತ ಡಬ್ಬಿ ಮಾರೋರಿಗೆ 1978ರ ಆ ಕಾರಣ ತುಂಬಾ ಇಷ್ಟ ಆಗ್ಬಿಟ್ಟಿದೆ, ಇವತ್ತಿಗೂ ಅದೇ ಲೇಬಲ್ ಮೇಲೆ ಬರೀತಾರೆ.

ನಂಬಿಕೆಯದ್ದೂ ಒಂದು ಪಾಲು ಇದೆ. 2006ರಲ್ಲಿ ಕ್ರಿಸ್ ಬೀಡಿ ಅನ್ನೋ ಸಂಶೋಧಕರು ಸೈಕ್ಲಿಸ್ಟ್‌ಗಳಿಗೆ ಒಂದೊಂದು ದಿನ ಒಂದೊಂದು ಪ್ರಮಾಣದ ಕೆಫೀನ್ ಕೊಡ್ತೀವಿ ಅಂತ ಹೇಳಿ, ಯಾವ ದಿನಾನೂ ಕೆಫೀನ್ ಕೊಡಲೇ ಇಲ್ಲ. ಜಾಸ್ತಿ ಡೋಸ್ ತಗೊಂಡಿದೀವಿ ಅಂತ ನಂಬಿದ ದಿನ ಪವರ್ 3.1 ಪರ್ಸೆಂಟ್ ಏರ್ತು, ಇವತ್ತು ಬರೀ ಪ್ಲಸೀಬೊ (ಕೆಫೀನ್ ಇಲ್ಲದ ಹುಸಿ ಡೋಸ್) ಅಂತ ನಂಬಿದ ದಿನ 1.4 ಪರ್ಸೆಂಟ್ ಇಳೀತು. ತುಂಬಾ ಚಿಕ್ಕ ಪ್ರಯೋಗ, ಆರೇ ಜನ. ಆದ್ರೂ ನಿಮ್ಮ ಗ್ರೂಪಿನ ಗೆಳೆಯರು ಮಾತ್ರೆ ತಗೊಂಡ ದಿನ ಹಾರ್ಕೊಂಡು ಹೋದೆ ಅಂದಾಗ ಅದರಲ್ಲಿ ಎಷ್ಟು ಮಾತ್ರೆಯದ್ದು ಎಷ್ಟು ಮನಸ್ಸಿಂದು ಅಂತ ಕೇಳ್ಕೊಳ್ಳೋದು ಒಳ್ಳೇದು.

ಈಗ ಡೋಸ್. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸೋದು ಕೆಜಿಗೆ 3ರಿಂದ 6 ಮಿ.ಗ್ರಾಂ. ಕೆಲವರಲ್ಲಿ 2 ಮಿ.ಗ್ರಾಂನಲ್ಲೇ ಪರಿಣಾಮ ಕಂಡಿದೆ. 9ಕ್ಕೆ ಹೋದ್ರೆ ಲಾಭ ಏನೂ ಜಾಸ್ತಿ ಆಗಲ್ಲ, ಕೈ ನಡುಕ, ಎದೆ ಢವಢವ, ಹೊಟ್ಟೆ ತೊಳಸೋದು ಮಾತ್ರ ಜಾಸ್ತಿ. ನಿಮ್ಮ 64 ಕೆಜಿಗೆ 3 ಮಿ.ಗ್ರಾಂ ಲೆಕ್ಕದಲ್ಲಿ 192, 2ರ ಲೆಕ್ಕದಲ್ಲಿ 128. ಅಂದ್ರೆ ನಿಮ್ಮ ಗೆಳೆಯರು ಹೇಳಿದ 200ರ ಮಾತ್ರೆ ಲೆಕ್ಕಕ್ಕೆ ತಪ್ಪೇನಲ್ಲ. ನನ್ನ ತಕರಾರು ಬೇರೆ. ನೀವು ಅವತ್ತು ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಒಂದು ದೊಡ್ಡ ಲೋಟ ಕಾಫಿ ಕುಡಿದು, ಆಮೇಲೆ ಮಾತ್ರೆ ನುಂಗಿ, ದಾರೀಲಿ ಯಾರೋ ಕೊಟ್ಟ ಕೆಫೀನ್ ಜೆಲ್ಲೂ ತಿಂದ್ರೆ 350 ದಾಟುತ್ತೆ, ಅದನ್ನ ಯಾರೂ ಕೂಡಿಸಿ ನೋಡಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆರೋಗ್ಯವಂತ ದೊಡ್ಡವರಿಗೆ ಒಂದೇ ಸಲಕ್ಕೆ 200, ಇಡೀ ದಿನಕ್ಕೆ 400 ಮಿ.ಗ್ರಾಂವರೆಗೆ ತೊಂದರೆ ಇಲ್ಲ ಅನ್ನುತ್ತೆ. ಗರ್ಭಿಣಿಯರಿಗೆ ದಿನಕ್ಕೆ 200 ಅಷ್ಟೇ.

ಹಾಗಾದ್ರೆ ನಿಮ್ಮ ಲೋಟದಲ್ಲಿ ಎಷ್ಟಿದೆ? ಹಾಸನದೋರಿಗೆ ಇದನ್ನ ವಿವರಿಸಿ ಹೇಳ್ಬೇಕಾಗಿಲ್ಲ, ಸಕಲೇಶಪುರದ ಕಡೆ ತೋಟ ಇರೋ ನೆಂಟರು ಯಾರಾದ್ರೂ ಇದ್ದೇ ಇರ್ತಾರೆ, ಆದ್ರೂ ಹೇಳ್ತೀನಿ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು 1.2 ಪರ್ಸೆಂಟ್, ರೋಬಸ್ಟಾದಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು, 2.2ರ ಹತ್ರ. ನಮ್ಮ ದೇಶದಲ್ಲಿ ಬೆಳೆಯೋದ್ರಲ್ಲಿ ರೋಬಸ್ಟಾನೇ ಜಾಸ್ತಿ. ಪೀಬೆರಿ ಅಂದ್ರೆ ಸ್ಟ್ರಾಂಗ್ ಅಂತ ಬಹಳ ಜನ ಅಂದ್ಕೊಂಡಿದಾರೆ, ಅದು ಬೀಜದ ಆಕಾರ ಅಷ್ಟೇ, ಒಂದು ಹಣ್ಣಲ್ಲಿ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಬೆಳೆದಿರೋದು. ಇನ್ನು ಚಿಕೋರಿ. ಅದು ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ, ಕಹಿ ಎಲ್ಲ ಕೊಡುತ್ತೆ, ಹಾಗಾಗಿ ಹೋಟೆಲ್‌ನಲ್ಲಿ ಕುಡಿದು ಆಹಾ ಎಂಥಾ ಸ್ಟ್ರಾಂಗು ಅಂತೀವಲ್ಲ, ಎಷ್ಟೋ ಸಲ ಅದು ಚಿಕೋರಿಯ ಸ್ಟ್ರಾಂಗು. ಮನೇಲಿ ಒಂದು ಲೋಟಕ್ಕೆ 10 ಗ್ರಾಂ ಪುಡಿ ಬೀಳುತ್ತೆ ಅಂದ್ಕೊಳ್ಳಿ, 80:20 ಮಿಶ್ರಣ ಆದ್ರೆ ಕಾಫಿ 8 ಗ್ರಾಂ, ಅರೇಬಿಕಾ ರೋಬಸ್ಟಾ ಬೆರೆತಿದ್ರೆ ಒಳಗೆ 120ರಿಂದ 140 ಮಿ.ಗ್ರಾಂ, ಎಲ್ಲಾನೂ ಡಿಕಾಕ್ಷನ್‌ಗೆ ಇಳಿಯಲ್ಲ, ಸ್ವಲ್ಪ ಗಸಿಯಲ್ಲೇ ಉಳಿಯುತ್ತೆ, ಅಂತೂ 100ರ ಆಸುಪಾಸು. 60:40 ಪುಡಿ, ಎರಡನೇ ಸಲ ನೀರು ಹಾಕಿದ ಡಿಕಾಕ್ಷನ್, ದರ್ಶಿನಿಯ ಬೈಟೂ ಲೋಟ, ಇವೆಲ್ಲ ಅದರ ಅರ್ಧಕ್ಕೂ ಬರದೇ ಇರಬಹುದು. ಟೀ ಆದ್ರೆ ಒಂದು ಕಪ್‌ಗೆ 30ರಿಂದ 50.

ಮಾತ್ರೆಗೂ ಕಾಫಿಗೂ ಪರಿಣಾಮದಲ್ಲಿ ವ್ಯತ್ಯಾಸ ಇದೆಯಾ ಅಂದ್ರೆ, 1998ರಲ್ಲಿ ಕೆನಡಾದ ಟೆರ್ರಿ ಗ್ರಹಾಂ ಅವರ ಪ್ರಯೋಗದಲ್ಲಿ ಕಾಫಿ ಕೆಲಸ ಮಾಡಲಿಲ್ಲ, ಬರೀ ಕೆಫೀನ್ ಮಾಡ್ತು. ಅದನ್ನೇ ಹಿಡ್ಕೊಂಡು ಮಾತ್ರೆಯೇ ಬೇಕು ಅನ್ನೋರು ಈಗಲೂ ಇದ್ದಾರೆ. 2013ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಜಿಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಎರಡನ್ನೂ ಕೊಟ್ಟು ಸೈಕಲ್ ತುಳಿಸಿದಾಗ ಎರಡೂ ಒಂದೇ ಥರ ಕೆಲಸ ಮಾಡಿದ್ವು. ನನ್ನ ಅಭಿಪ್ರಾಯ ಕೇಳಿದ್ರೆ ನಿಮ್ಮಂಥ ಹವ್ಯಾಸಿ ಓಟಗಾರರಿಗೆ ಕಾಫಿ ಧಾರಾಳ ಸಾಕು, ಎಷ್ಟಿದೆ ಅಂತ ಅಂದಾಜು ಇದ್ರೆ ಆಯ್ತು, ಹತ್ತಿಪ್ಪತ್ತು ಮಿ.ಗ್ರಾಂ ಆ ಕಡೆ ಈ ಕಡೆ ಆದ್ರೆ ಏನೂ ಮುಳುಗಿ ಹೋಗಲ್ಲ. ಮಾತ್ರೆಯೇ ಬೇಕು ಅಂದ್ರೆ ಅರ್ಧ ತುಂಡು ಮಾಡಿ, ಅದನ್ನೂ ಮೊದ್ಲು ಒಂದು ಭಾನುವಾರದ ಪ್ರಾಕ್ಟೀಸ್ ರನ್‌ನಲ್ಲಿ ನೋಡಿ, ಅವತ್ತು ಕಾಫಿ ಬೇಡ.

ಆದ್ರೆ ಆನ್‌ಲೈನ್‌ನಲ್ಲಿ ಸಿಗೋ ಶುದ್ಧ ಕೆಫೀನ್ ಪೌಡರ್ ಮಾತ್ರ ಮನೆಗೆ ತರಲೇಬೇಡಿ. ಒಂದು ಟೀ ಚಮಚದಲ್ಲಿ 3000 ಮಿ.ಗ್ರಾಂಗೂ ಮೇಲಿರುತ್ತೆ, ಅದು ಪ್ರಾಣಕ್ಕೇ ಅಪಾಯ. 2015ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ಯೂನಿವರ್ಸಿಟಿಯಲ್ಲಿ ಒಂದು ಕ್ರೀಡಾ ಪ್ರಯೋಗಕ್ಕೆ ಬಂದಿದ್ದ ಇಬ್ಬರು ವಿದ್ಯಾರ್ಥಿಗಳಿಗೆ 0.3 ಗ್ರಾಂ ಕೊಡೋ ಬದಲು 30 ಗ್ರಾಂ ಕೊಟ್ಟುಬಿಟ್ಟಿದ್ರು, ಮೊಬೈಲಲ್ಲಿ ಲೆಕ್ಕ ಹಾಕುವಾಗ ದಶಮಾಂಶದ ಚುಕ್ಕೆ ಜಾಗ ತಪ್ಪಿತ್ತು. ಇಬ್ಬರೂ ಐಸಿಯು ಸೇರಿ ಡಯಾಲಿಸಿಸ್ ಮಾಡಿಸ್ಕೊಂಡು ಬದುಕಿ ಬಂದ್ರು, ಕೋರ್ಟು ಯೂನಿವರ್ಸಿಟಿಗೆ 4 ಲಕ್ಷ ಪೌಂಡ್ ದಂಡ ಹಾಕ್ತು. ಲ್ಯಾಬ್‌ನಲ್ಲೇ ಹೀಗಾದ್ರೆ ಅಡುಗೆಮನೆ ಚಮಚದಲ್ಲಿ ಅಳೆಯೋರ ಗತಿ ಏನು.

ಒಂದು ವಾರ ಕಾಫಿ ಬಿಡೋ ಮಾತು. ದಿನಾ ಕುಡಿಯೋರ ಮೈ ಸ್ವಲ್ಪ ಒಗ್ಗಿಕೊಳ್ಳುತ್ತೆ ಅನ್ನೋದು ನಿಜ, ವಾರಗಟ್ಟಲೆ ದಿನಾ ಕೆಫೀನ್ ಕೊಟ್ಟು ನೋಡಿದಾಗ ಲಾಭ ಸ್ವಲ್ಪ ಇಳಿದಿದ್ದೂ ಉಂಟು. ಆದ್ರೆ ಪೂರ್ತಿ ಹೋಗಲ್ಲ. 2017ರಲ್ಲಿ ಬ್ರೆಜಿಲ್‌ನಲ್ಲಿ 40 ಸೈಕ್ಲಿಸ್ಟ್‌ಗಳನ್ನ ಕಮ್ಮಿ ಕುಡಿಯೋರು, ಮಧ್ಯಮ, ಜಾಸ್ತಿ ಕುಡಿಯೋರು ಅಂತ ಮೂರು ಗುಂಪು ಮಾಡಿ ಪರೀಕ್ಷೆ ಮಾಡಿದಾಗ ಮೂರೂ ಗುಂಪಿಗೂ ಕೆಫೀನಿಂದ ಆದ ಲಾಭದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ. ಮತ್ತೆ ಬಿಟ್ರೆ ಏನಾಗುತ್ತೆ ಯೋಚಿಸಿ, 12ರಿಂದ 24 ಗಂಟೆಯೊಳಗೆ ತಲೆನೋವು ಶುರು, ಸಿಡುಕು, ಮಂಕು, ಎರಡು ದಿನದಿಂದ ಒಂಬತ್ತು ದಿನದವರೆಗೂ ಎಳೆಯಬಹುದು, ರೇಸ್ ವಾರದಲ್ಲಿ ಅದು ಬೇಕಾ? ನಿಮ್ಮ ಮೂರು ಕಾಫಿಯಲ್ಲಿ ಯಾವುದಾದ್ರೂ ಬಿಡೋದಿದ್ರೆ ಸಂಜೆದು ಬಿಡಿ.

ಯಾಕಂದ್ರೆ ನಿದ್ದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗೋಕೆ ಸರಾಸರಿ 5 ಗಂಟೆ ಬೇಕು, ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಂಗಸರಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು, ಸಿಗರೇಟ್ ಸೇದೋರಲ್ಲಿ ಬೇಗ ಹೋಗುತ್ತೆ. ಸಂಜೆ 6ಕ್ಕೆ ಆಫೀಸಿಂದ ಬಂದು ಕುಡಿದ ಕಾಫಿಯ ಅರ್ಧ ರಾತ್ರಿ 11ಕ್ಕೂ ನಿಮ್ಮೊಳಗೇ ಇರುತ್ತೆ. 2013ರ ಒಂದು ಅಧ್ಯಯನದಲ್ಲಿ ಮಲಗೋಕೆ 6 ಗಂಟೆ ಮುಂಚೆ 400 ಮಿ.ಗ್ರಾಂ ತಗೊಂಡೋರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಮ್ಮಿ ಆಗಿತ್ತು. ಬೆಂಗಳೂರಿನ ರೇಸ್‌ಗಳು ಬೆಳಗ್ಗೆ ಕತ್ತಲಿರುವಾಗಲೇ ಶುರು, ಎದ್ದು ರೆಡಿಯಾಗಿ ಜಾಗ ಸೇರೋಕೆ ಮೂರೂವರೆಗೆ ಅಲಾರಂ ಇಡ್ತೀರ, ಮೊದಲೇ ಟೆನ್ಶನ್‌ನಲ್ಲಿ ನಿದ್ದೆ ಬರಲ್ಲ. ಹಿಂದಿನ ದಿನ ಸಂಜೆಯ ಕಾಫಿಯಿಂದ ಒಂದು ಗಂಟೆ ನಿದ್ದೆ ಕಳ್ಕೊಂಡು, ಬೆಳಿಗ್ಗೆ ಅದನ್ನ ಸರಿ ಮಾಡೋಕೆ ಮತ್ತೆ ಕಾಫಿ, ಬಹಳ ಜನ ಹವ್ಯಾಸಿ ಓಟಗಾರರು ಇದೇ ಸುತ್ತಲ್ಲಿ ಇದ್ದಾರೆ. ಅವರಿಗೆ ಕೆಫೀನಿಂದ ಸಿಗೋ ಲಾಭ ಅಂದ್ರೆ ಕೆಫೀನ್ ಮಾಡಿದ ನಷ್ಟ ತುಂಬೋದು ಅಷ್ಟೇ.

ಅತ್ತೆಯವರ ಮಾತಿಗೆ ಬರೋಣ. ನೀರು ಹೋಗೋದು ಅಂತ ಭಯ ಬೇಡ. 2014ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲೇ ದಿನಾ ಕಾಫಿ ಕುಡಿಯೋ 50 ಗಂಡಸರಿಗೆ ಮೂರು ದಿನ ನಾಲ್ಕು ನಾಲ್ಕು ಕಪ್ ಕಾಫಿ, ಇನ್ನೊಂದು ಮೂರು ದಿನ ಅಷ್ಟೇ ನೀರು ಕೊಟ್ಟು ನೋಡಿದ್ರು, ಮೈಯ ನೀರಿನಂಶದಲ್ಲಿ ಫರಕು ಸಿಗಲಿಲ್ಲ. ಕಾಫಿಯಲ್ಲಿ ಇರೋದೂ ಬಹುಪಾಲು ನೀರೇ. ಆದ್ರೆ ಅತ್ತೆಯವರಿಗೆ ಪೂರ್ತಿ ಎದುರು ಮಾತಾಡೋಕೆ ಹೋಗ್ಬೇಡಿ, ಕಾಫಿ ದೊಡ್ಡ ಕರುಳನ್ನ ಎಬ್ಬಿಸುತ್ತೆ, ಕೆಲವರಿಗೆ ಕುಡಿದ ಕೆಲವೇ ನಿಮಿಷದಲ್ಲಿ ಓಡ್ಬೇಕು, ಓಟದ ಟ್ರ್ಯಾಕ್ ಕಡೆಗಲ್ಲ. ಇದು ಬರೀ ಕೆಫೀನ್ ಕೆಲಸ ಅಲ್ಲ, ಡಿಕ್ಯಾಫ್‌ನಲ್ಲೂ ಆಗುತ್ತೆ. ರೇಸ್ ಜಾಗದ ಮೊಬೈಲ್ ಟಾಯ್ಲೆಟ್ ಮುಂದಿನ ಕ್ಯೂ ನೋಡಿರೋರಿಗೆ ಇದರ ಗಾಂಭೀರ್ಯ ಗೊತ್ತು. ಅದಕ್ಕೇ ಮನೇಲೇ ಕುಡಿದು, ಮನೇಲೇ ಎಲ್ಲ ಮುಗಿಸಿ ಹೊರಡಿ. ಕೆಫೀನ್ ರಕ್ತದಲ್ಲಿ ಏರೋಕೆ 30ರಿಂದ 60 ನಿಮಿಷ ಸಾಕು, ಆಮೇಲೆ ಗಂಟೆಗಟ್ಟಲೆ ಇರುತ್ತೆ, ಹಾಗಾಗಿ ಓಟಕ್ಕೆ ಒಂದೂವರೆ ಗಂಟೆ ಮುಂಚೆ ಕುಡಿದ್ರೂ ಏನೂ ನಷ್ಟ ಇಲ್ಲ. ಓಡುವಾಗ ಹಾಲು ಹೊಟ್ಟೇಲಿ ಕುಲುಕೋರು ಡಿಕಾಕ್ಷನ್‌ಗೆ ಬಿಸಿನೀರು, ಬೇಕಾದ್ರೆ ಸ್ವಲ್ಪ ಬೆಲ್ಲ ಹಾಕ್ಕೊಂಡು ಕುಡೀಬಹುದು. ನಿಮ್ಮ ಲೆಕ್ಕಕ್ಕೆ ಮನೆಯ ಗಟ್ಟಿ ಕಾಫಿ ಒಂದೂಕಾಲು ಲೋಟ, ಒಂದೂವರೆ ಅಂದ್ರೆ ಹೆಚ್ಚು.

ಇಷ್ಟಾದ್ಮೇಲೂ ನಿಮಗೆ ಕೆಲಸ ಮಾಡದೇ ಇರಬಹುದು. ಲಿವರ್‌ನಲ್ಲಿ ಕೆಫೀನ್ ಒಡೆಯೋ ಒಂದು ಕಿಣ್ವದ ಜೀನ್ ಎಲ್ಲರಲ್ಲೂ ಒಂದೇ ಥರ ಇಲ್ಲ. 2018ರಲ್ಲಿ ಟೊರಾಂಟೊದಲ್ಲಿ 101 ಕ್ರೀಡಾಪಟುಗಳಿಗೆ 10 ಕಿಲೋಮೀಟರ್ ಸೈಕಲ್ ತುಳಿಸಿದಾಗ ಬೇಗ ಒಡೆಯೋ ಗುಂಪು ಕೆಜಿಗೆ 4 ಮಿ.ಗ್ರಾಂನಲ್ಲಿ 6.8 ಪರ್ಸೆಂಟ್ ಸುಧಾರಿಸಿತ್ತು, ತುಂಬಾ ನಿಧಾನ ಒಡೆಯೋ ಗುಂಪು 13.7 ಪರ್ಸೆಂಟ್ ಹಿಂದೆ ಬಿದ್ದಿತ್ತು. ಬೇರೆ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟ ಫಲಿತಾಂಶ ಬಂದಿಲ್ಲ, ಹಾಗಾಗಿ ಸಾವಿರಾರು ರೂಪಾಯಿ ಕೊಟ್ಟು ಜೀನ್ ಟೆಸ್ಟ್ ಮಾಡಿಸೋಕೆ ಹೋಗ್ಬೇಡಿ, ಕಾಫಿ ಕುಡಿದು ನಾಲ್ಕು ಸಲ ಕುಡೀದೆ ನಾಲ್ಕು ಸಲ ಅದೇ ದಾರಿಯಲ್ಲಿ ಓಡಿ ಟೈಮ್ ಬರ್ಕೊಳ್ಳಿ, ಅದೇ ನಿಮ್ಮ ಟೆಸ್ಟ್.

ಚಿಕ್ಕಪ್ಪನ ಮಗನ ವಿಚಾರಕ್ಕೆ ನನಗೆ ಜಾಸ್ತಿ ಕಾಳಜಿ. ಕೆಫೀನ್ ಈಗ ಡೋಪಿಂಗ್ ಅಲ್ಲ. ಮೊದ್ಲು ಮೂತ್ರದಲ್ಲಿ ಒಂದು ಮಿಲಿ ಲೀಟರ್‌ಗೆ 12 ಮೈಕ್ರೋಗ್ರಾಂಗಿಂತ ಜಾಸ್ತಿ ಇದ್ರೆ ನಿಷೇಧ ಇತ್ತು, 1988ರ ಸೋಲ್ ಒಲಿಂಪಿಕ್ಸ್‌ನಿಂದ ಆಸ್ಟ್ರೇಲಿಯಾದ ಮಾಡರ್ನ್ ಪೆಂಟಾಥ್ಲಾನ್ ಆಟಗಾರ ಅಲೆಕ್ಸ್ ವಾಟ್ಸನ್ ಅವರನ್ನ ಇದೇ ಕಾರಣಕ್ಕೆ ವಾಪಸ್ ಕಳಿಸಿದ್ರು. 2004ರ ಜನವರಿ 1ರಿಂದ ವಾಡಾ, ಅಂದ್ರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ, ಅದನ್ನ ನಿಷೇಧಿತ ಪಟ್ಟಿಯಿಂದ ತೆಗೆದು, ಯಾರು ಎಷ್ಟು ಬಳಸ್ತಾರೆ ಅಂತ ಗಮನಿಸೋ ಪಟ್ಟಿಗೆ ಹಾಕಿದೆ ಅಷ್ಟೇ. ತೊಂದರೆ ಇರೋದು ಆ ಡಬ್ಬಿಯಲ್ಲಿ ಕೆಫೀನ್ ಜೊತೆ ಇನ್ನೇನಿದೆ ಅನ್ನೋದ್ರಲ್ಲಿ. ಪ್ರೀ-ವರ್ಕೌಟ್ ಪೌಡರ್‌ಗಳಲ್ಲಿ ಡಿಎಂಎಎ ಅನ್ನೋ ಉತ್ತೇಜಕ ಸಿಕ್ಕಿದ ಉದಾಹರಣೆ ಎಷ್ಟೋ ಇವೆ, ಅದು ವಾಡಾ ಪಟ್ಟಿಯಲ್ಲಿ ನಿಷೇಧ, ಲೇಬಲ್ ಮೇಲೆ ಕೆಲವೊಮ್ಮೆ ಬೇರೆ ಹೆಸರಲ್ಲಿ ಇರುತ್ತೆ, ಕೆಲವೊಮ್ಮೆ ಹೆಸರೇ ಇರಲ್ಲ. ಮೂತ್ರದಲ್ಲಿ ಸಿಕ್ಕಿದ್ರೆ ನನಗೆ ಗೊತ್ತಿರಲಿಲ್ಲ, ಜಿಮ್ ಅಣ್ಣ ಕೊಟ್ಟಿದ್ದು ಅಂದ್ರೆ ಬಿಡಲ್ಲ, ಮೈಯಲ್ಲಿ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ ಅನ್ನೋದು ನಿಯಮ. ಇವತ್ತು ಜಿಲ್ಲಾ ಮಟ್ಟ, ನಾಳೆ ರಾಜ್ಯ ರಾಷ್ಟ್ರ ಮಟ್ಟಕ್ಕೆ ಹೋದ್ರೆ ನಾಡಾದೋರು (ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ) ಟೆಸ್ಟ್ ಮಾಡೋಕೆ ಬಂದೇ ಬರ್ತಾರೆ. ಅದೂ ಅಲ್ದೆ ಒಂದು ನಿಮಿಷದೊಳಗೆ ಮುಗಿಯೋ 400 ಮೀಟರ್‌ಗೆ ಕೆಫೀನ್ ಲಾಭ ದೂರದ ಓಟದಷ್ಟು ಖಚಿತವೂ ಅಲ್ಲ. ಆ ವಯಸ್ಸಿನ ಹುಡುಗನಿಗೆ ಅದು ಬೇಡ, ಎನರ್ಜಿ ಡ್ರಿಂಕ್ ಕೂಡ ಬೇಡ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅಂಥ ಡ್ರಿಂಕ್‌ಗೆ ಲೀಟರ್‌ಗೆ 300 ಮಿ.ಗ್ರಾಂ ಮಿತಿ ಇದೆ, 250 ಮಿಲಿ ಕ್ಯಾನ್‌ಗೆ ಹೆಚ್ಚಂದ್ರೆ 75, ಮಕ್ಕಳಿಗೆ ಅಲ್ಲ ಅಂತ ಕ್ಯಾನ್ ಮೇಲೇ ಬರೆದಿರುತ್ತೆ, ಓದೋರು ಯಾರು. ಡಬ್ಬಿ ಕಸಕ್ಕೆ ಹಾಕಿಸಿ, ಬೈಬೇಡಿ, ಬೈದ್ರೆ ಕದ್ದು ತಗೋತಾನೆ.

ಕೊನೇದಾಗಿ ನೀವು ಬರೆದಿಲ್ಲ, ನಾನೇ ಕೇಳ್ತೀನಿ, ಬಿಪಿ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು? ಕೆಫೀನ್ ತಗೊಂಡಾಗ ಬಿಪಿ ಸ್ವಲ್ಪ ಹೊತ್ತು ಏರುತ್ತೆ, ಜೋರಾಗಿ ಓಡಿದ್ರೂ ಏರುತ್ತೆ. 36 ವಯಸ್ಸು, ಕೂತು ಮಾಡೋ ಕೆಲಸ ಅಂದ್ರೆ ಗೊತ್ತಿಲ್ದೇ ಬಿಪಿ ಇರೋದು ಅಪರೂಪ ಏನಲ್ಲ. ಎದೆ ಬಡಿತ ಒಂದೊಂದು ಸಲ ತಪ್ಪಿದ ಹಾಗೆ ಅನ್ಸೋದು, ಮನೇಲಿ ಚಿಕ್ಕ ವಯಸ್ಸಲ್ಲಿ ಹಾರ್ಟ್ ತೊಂದರೆ ಆದೋರು ಇರೋದು, ಇಂಥದ್ದೇನಾದ್ರೂ ಇದ್ರೆ ಮಾತ್ರೆ ಜೆಲ್ ಎಲ್ಲ ಪಕ್ಕಕ್ಕಿಟ್ಟು ಮೊದ್ಲು ಡಾಕ್ಟರ್ ಹತ್ರ ಒಂದು ಇಸಿಜಿ ಮಾಡಿಸ್ಕೊಂಡು ಬನ್ನಿ, ರೇಸ್ ರಿಜಿಸ್ಟ್ರೇಶನ್ ಆಮೇಲೆ ಮಾಡಿದ್ರಾಯ್ತು.